ಒಂಬತ್ತು ಗೆರೆಯ ಪ್ರಾಜೆಕ್ಟಿಗೆ ಎಷ್ಟು ಮಾರ್ಕ್ಸು?

ಕಳೆದ ತಿಂಗಳು ನಾವು ಮೂವರು ಮಿನಿ ಪ್ರಾಜೆಕ್ಟಿನ ಟೈಟಲ್ ಅಪ್ರೂವಲ್‌ಗೆ ಹೋಗಿದ್ದೆವು. ನಮಗಿಂತ ಮುಂಚೆ ಒಳಗೆ ಹೋದ ಟೀಮಿನದು ಫೇಸ್ ರೆಕಗ್ನಿಷನ್ ಅಟೆಂಡೆನ್ಸ್. ಅದಕ್ಕಿಂತ ಮುಂಚಿನ ಟೀಮಿನದು ಚಾಟ್‌ಬಾಟ್. ಅದಕ್ಕೂ ಮುಂಚಿನವರದು ಇನ್ನೊಂದು ಚಾಟ್‌ಬಾಟ್. ನಮ್ಮ ಸರದಿ ಬಂತು. "ಸರ್, ಒಂದು ಲ್ಯಾಪ್‌ಟಾಪಿನ ಸ್ಪೀಕರಿನಿಂದ ಲಿನಕ್ಸಲ್ಲಿ ಸೌಂಡ್ ಬರ್ತಿರಲಿಲ್ಲ. ಯಾಕೆ ಅಂತ ಕಂಡುಹಿಡಿದಿದ್ದೀವಿ. ಕರ್ನಲ್ಲಿನ ಆಡಿಯೋ ಡ್ರೈವರಿಗೆ ಒಂದು ಪ್ಯಾಚ್ ಬರೆದಿದ್ದೀವಿ. ಅದನ್ನೇ ಪ್ರಾಜೆಕ್ಟ್ ಮಾಡ್ತೀವಿ" ಅಂದೆವು.

"ಎಷ್ಟು ಲೈನ್ ಕೋಡು?"

"ಒಂಬತ್ತು, ಸರ್."

ಸರ್ ನಕ್ಕುಬಿಟ್ಟರು. "ಏನ್ರಪ್ಪಾ ಇದು! ಎಕ್ಸ್‌ಟರ್ನಲ್ ಬಂದವರಿಗೆ ಏನ್ ತೋರಿಸ್ತೀರಾ? ಫ್ರಂಟ್ ಎಂಡ್ ಎಲ್ಲಿ? ಸ್ಕ್ರೀನ್‌ಶಾಟ್ ಎಲ್ಲಿ? ಒಳ್ಳೆ ಹುಡುಗರು ನೀವು, ಹೋಗಿ ಒಂದು ಆ್ಯಪ್ ಮಾಡ್ಕೊಂಡು ಬನ್ನಿ."

ಸರ್ ಮೇಲೆ ನಮಗೆ ಕೋಪ ಇಲ್ಲ. ಅವರ ಕೈಲಿದ್ದ ಮಾರ್ಕ್ಸ್ ಶೀಟಿನಲ್ಲಿ ನಮ್ಮ ಕೆಲಸಕ್ಕೆ ಒಂದು ಕಾಲಮ್ಮೂ ಇರಲಿಲ್ಲ. ಕೋಪ ಇರೋದು ಆ ಶೀಟಿನ ಮೇಲೆ. ಕೆಟ್ಟುಹೋದ ಒಂದು ವಸ್ತುವನ್ನು ಅರ್ಥಮಾಡಿಕೊಂಡು ರಿಪೇರಿ ಮಾಡುವುದೂ ಎಂಜಿನಿಯರಿಂಗ್ ಪ್ರಾಜೆಕ್ಟೇ, ಅದಕ್ಕೂ ಮಾರ್ಕ್ಸ್ ಕೊಡಬೇಕು ಅನ್ನೋದು ನಮ್ಮ ವಾದ. ಬರೀ ವಾದ ಮಾಡಿದರೆ ನೀವು ನಂಬಲ್ಲ, ಹಾಗಾಗಿ ಆ ಒಂಬತ್ತು ಗೆರೆ ಹೇಗೆ ಹುಟ್ಟಿತು ಅಂತ ಮೊದಲು ಹೇಳ್ತೀವಿ.

ಸೌಂಡೇ ಸ್ಕ್ರೀನು

ನಮ್ಮ ಕನ್ನಡ ಕ್ಲಬ್ಬಿನಲ್ಲಿ ನಮಗಿಂತ ಒಂದು ವರ್ಷ ಚಿಕ್ಕವನಾದ ಗೆಳೆಯನೊಬ್ಬನಿದ್ದಾನೆ. ಅವನಿಗೆ ದೃಷ್ಟಿ ತುಂಬಾ ಕಡಿಮೆ. ಕಂಪ್ಯೂಟರನ್ನು ಸ್ಕ್ರೀನ್ ರೀಡರ್ ಇಟ್ಟುಕೊಂಡು ಬಳಸ್ತಾನೆ. ಲಿನಕ್ಸಿನಲ್ಲಿ ಅದಕ್ಕೆ ಆರ್ಕಾ ಅಂತ ಒಂದು ಸಾಫ್ಟ್‌ವೇರ್ ಇದೆ. ಈಸ್ಪೀಕ್ ಎನ್‌ಜಿ ಅನ್ನೋದನ್ನು ಅದರ ಜೊತೆ ಸೇರಿಸಿದರೆ ಕನ್ನಡವನ್ನೂ ಓದುತ್ತೆ. ದನಿ ಸ್ವಲ್ಪ ರೋಬೋ ಥರ, ಆದರೆ ಓದುತ್ತೆ. ಈ ಮ್ಯಾಗಜೀನನ್ನು ಅವನು ಓದೋದೂ ಹಾಗೇ.

ಅವನು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಒಂದನ್ನು ತಗೊಂಡ. ನಾವೇ ಮುಂದೆ ನಿಂತು ಲಿನಕ್ಸ್ ಹಾಕಿಕೊಟ್ಟೆವು. ಎಲ್ಲ ಸರಿಯಾಯ್ತು, ಸ್ಪೀಕರ್ ಮಾತ್ರ ಮೌನ. ಹೆಡ್‌ಫೋನ್ ಹಾಕಿದರೆ ಕೇಳುತ್ತೆ, ತೆಗೆದರೆ ಏನೂ ಇಲ್ಲ. "ಹೆಡ್‌ಫೋನಲ್ಲೇ ಮ್ಯಾನೇಜ್ ಮಾಡೋ" ಅಂತ ನಾವು ಆರಾಮಾಗಿ ಹೇಳಿಬಿಟ್ಟೆವು. ಅವನು ಹೇಳಿದ್ದು ಇಷ್ಟೇ: "ಅಣ್ಣಾ, ಕಿವಿ ಮುಚ್ಕೊಂಡು ಕೂತ್ರೆ ಲ್ಯಾಬಲ್ಲಿ ಮೇಡಂ ಹೇಳೋದು ಕೇಳಲ್ಲ, ಪಕ್ಕದವನು ಕರೆದಿದ್ದೂ ಕೇಳಲ್ಲ. ನಿಮ್ ಸ್ಕ್ರೀನ್ ಹೋದ್ರೆ ಪ್ರೊಜೆಕ್ಟರ್‌ಗೆ ಕನೆಕ್ಟ್ ಮಾಡ್ಕೊಂಡು ಮ್ಯಾನೇಜ್ ಮಾಡಿ ಅಂದ್ರೆ ಮಾಡ್ತೀರಾ?"

ನಮ್ಮ ಬಳಿ ಉತ್ತರ ಇರಲಿಲ್ಲ. ಸೌಂಡ್ ಅಂದರೆ ನಮಗೆ ಸಿನಿಮಾ, ಹಾಡು. ಅವನಿಗೆ ಅದೇ ಡಿಸ್‌ಪ್ಲೇ. ಹಾಗೆ ಶುರುವಾಯ್ತು ನಮ್ಮ ಮೂರು ವಾರ.

ಮೊದಲ ವಾರ ನಾವು ಮಾಡಿದ್ದು ಶುದ್ಧ ದಡ್ಡತನ. ಎರಡು ಸಲ ಪೂರ್ತಿ ರೀಇನ್‌ಸ್ಟಾಲ್ ಮಾಡಿದೆವು. ಎಐ ಚಾಟ್‌ಬಾಟನ್ನು ಕೇಳಿದೆವು. ಪಲ್ಸ್‌ಆಡಿಯೋ ತೆಗೆದು ಮತ್ತೆ ಹಾಕಿ ಅಂತು. ಆ ಮಿಷಿನ್ನಿನಲ್ಲಿ ಇದ್ದದ್ದು ಪೈಪ್‌ವೈರ್. ನಾವು ಅದನ್ನೂ ನೋಡಿರಲಿಲ್ಲ, ಅದು ಹೇಳಿದ್ದನ್ನೆಲ್ಲ ಟೈಪ್ ಮಾಡ್ತಾ ಕೂತಿದ್ದೆವು. ಲ್ಯಾಪ್‌ಟಾಪ್ ಇದ್ದದ್ದು ನಮ್ಮ ಕಣ್ಣ ಮುಂದೆ, ಚಾಟ್‌ಬಾಟ್ ಮುಂದಲ್ಲ. ನಾವೇ ನೋಡದ್ದನ್ನು ಅದು ಎಲ್ಲಿಂದ ನೋಡಬೇಕು?

ಪಂಕ್ತಿಯೂಟ ಮತ್ತು ರಿಂಗ್ ಬಫರ್

ಎರಡನೇ ವಾರ ಬುದ್ಧಿ ಬಂತು. ಮೊದಲು ಸೌಂಡ್ ಹೇಗೆ ಬರುತ್ತೆ ಅಂತ ತಿಳ್ಕೊಳ್ಳೋಣ ಅಂತ ಕೂತೆವು. ನಾವು ಮೂವರೂ ಓದಿದ್ದು ಇಂಗ್ಲಿಷ್ ಮೀಡಿಯಮ್ಮಿನಲ್ಲಿ. ಡಾಕ್ಯುಮೆಂಟೇಷನ್ ಓದಿದಾಗ ಅರ್ಥ ಆಯ್ತು ಅನ್ನಿಸಿತು. ಸಂಜೆ ಗೆಳೆಯನಿಗೆ ಕನ್ನಡದಲ್ಲಿ ಹೇಳಲು ಹೋದಾಗ ಗೊತ್ತಾಯ್ತು, ಏನೂ ಅರ್ಥ ಆಗಿಲ್ಲ. ಇಂಟರಪ್ಟ್ ಅನ್ನೋದಕ್ಕೆ ಡಿಕ್ಷನರಿ ನೋಡಿ "ಅಡಚಣೆ" ಅಂದೆವು. "ಅಡಚಣೆ ಆದ್ರೆ ಕೆಲಸ ನಿಲ್ಲಬೇಕಲ್ವಾ, ನಡೆಯೋದು ಹೇಗೆ?" ಅಂತ ಅವನು ಕೇಳಿದ. ಕೊನೆಗೆ ಪಂಕ್ತಿಯೂಟದ ಉದಾಹರಣೆ ಹೊಳೆಯಿತು.

ಮದುವೆ ಮನೆ. ಎಲೆ ಮುಂದೆ ಒಬ್ಬರು ಕೂತಿದ್ದಾರೆ. ಅವರು ಸೌಂಡ್ ಹಾರ್ಡ್‌ವೇರ್. ಒಂದೇ ವೇಗದಲ್ಲಿ ಊಟ ಮಾಡ್ತಾರೆ, ಒಂದು ಕ್ಷಣವೂ ಕೈ ನಿಲ್ಲಿಸಲ್ಲ. ಬಕೆಟ್ ಹಿಡಿದು ಬಡಿಸುವವರು ನಿಮ್ಮ ಮ್ಯೂಸಿಕ್ ಪ್ಲೇಯರ್. ಪಂಕ್ತಿಯ ತುದಿಯಲ್ಲಿ ನಿಂತು "ಇಲ್ಲಿ ಅನ್ನ ತನ್ರೀ" ಅಂತ ಕೂಗುವವರು ಡ್ರೈವರ್. ಎಲೆಯನ್ನು ನಾಲ್ಕು ಭಾಗ ಮಾಡಿಕೊಳ್ಳಿ. ಒಂದು ಭಾಗ ಖಾಲಿ ಆದ ಕೂಡಲೇ ಊಟಕ್ಕೆ ಕೂತವರು ಕೈ ಎತ್ತುತ್ತಾರೆ. ಅದೇ ಇಂಟರಪ್ಟ್. ಅವರು ಎರಡನೇ ಭಾಗ ತಿನ್ನುವಷ್ಟರಲ್ಲಿ ಮೊದಲನೆಯದು ಮತ್ತೆ ತುಂಬಿರಬೇಕು. ಎಲೆಯೇ ರಿಂಗ್ ಬಫರ್, ಒಂದೊಂದು ಭಾಗ ಒಂದೊಂದು ಪೀರಿಯಡ್. ಬಡಿಸುವವರು ತಡ ಮಾಡಿದರೆ ಖಾಲಿ ಎಲೆಗೆ ಕೈ. ನಿಮಗೆ "ಟಪ್" ಅಂತ ಕೇಳುತ್ತೆ. ಅದಕ್ಕೆ ಅಂಡರ್‌ರನ್ ಅಂತಾರೆ.

ಈಗ ಲೆಕ್ಕ ಹಾಕಿ. ಸೆಕೆಂಡಿಗೆ 48,000 ಸ್ಯಾಂಪಲ್, ಎಡ ಬಲ ಸೇರಿ ಎರಡು ಚಾನೆಲ್, ಒಂದೊಂದಕ್ಕೂ 2 ಬೈಟ್. ಸೆಕೆಂಡಿಗೆ 1,92,000 ಬೈಟ್ ಆಯ್ತು. ಒಂದು ಪೀರಿಯಡ್‌ಗೆ 1024 ಫ್ರೇಮ್ ಇಟ್ಟರೆ ಸುಮಾರು 21 ಮಿಲಿಸೆಕೆಂಡಿಗೆ ಒಂದು ಸಲ ಕೈ ಮೇಲೆ. ಇಂಥ ನಾಲ್ಕು ಪೀರಿಯಡ್ ಇದ್ದರೂ ಇಡೀ ಎಲೆ ಖಾಲಿ ಆಗಲು ಸುಮಾರು 85 ಮಿಲಿಸೆಕೆಂಡ್ ಸಾಕು. ಓಎಸ್ ಪೇಪರಿನಲ್ಲಿ "ಡೆಡ್‌ಲೈನ್" ಅಂತ ಬರೆದು ಎರಡು ಮಾರ್ಕ್ಸ್ ತಗೊಂಡಿದ್ದೆವಲ್ಲ, ಅದು ಏನು ಅಂತ ಕಿವಿಗೆ ಕೇಳಿಸಿದ್ದು ಆವತ್ತು.

ಡೈನೋಸಾರ್ ಚಿತ್ರದ ಆ ಓಎಸ್ ಪುಸ್ತಕ ನಿಮಗೂ ಗೊತ್ತು. ಅದರಲ್ಲಿ ಐ/ಓ ಬಗ್ಗೆ ಒಂದು ಪೂರ್ತಿ ಅಧ್ಯಾಯವೇ ಇದೆ. ನಮ್ಮ ಕ್ಲಾಸಿನಲ್ಲಿ ಅಲ್ಲಿಗೆ ಬರುವಷ್ಟರಲ್ಲಿ ಸೆಮಿಸ್ಟರ್ ಮುಗಿದಿತ್ತು.

ಬಯಾಸ್ ಹೇಳಿದ ಸುಳ್ಳು

ಈಗ ನಮ್ಮ ಮೌನಿ ಲ್ಯಾಪ್‌ಟಾಪಿಗೆ ಬರೋಣ. ಅಪ್ಲಿಕೇಷನ್, ಪೈಪ್‌ವೈರ್, ಕರ್ನಲ್ ಡ್ರೈವರ್, ಕೋಡೆಕ್ ಚಿಪ್, ಸ್ಪೀಕರ್ ವೈರ್. ಈ ಸರಪಳಿಯಲ್ಲಿ ಎಲ್ಲೋ ಒಂದು ಕಡೆ ತುಂಡಾಗಿದೆ. ಕೆಳಗಿನಿಂದ ನೋಡಿದರೆ ಸ್ಪೀಕರ್ ಸುಟ್ಟಿಲ್ಲ, ಯಾಕಂದರೆ ಹಳೆ ವಿಂಡೋಸಿನಲ್ಲಿ ಸೌಂಡ್ ಬರ್ತಿತ್ತು. ಮೇಲಿನಿಂದ ನೋಡಿದರೆ ಹೆಡ್‌ಫೋನಿನಲ್ಲಿ ಹಾಡು ಸ್ವಚ್ಛವಾಗಿ ಕೇಳ್ತಿದೆ. ಅಂದರೆ ಬಡಿಸೋದು, ಕೂಗೋದು, ತಿನ್ನೋದು ಎಲ್ಲ ನಡೀತಿದೆ. ಎರಡೂ ಕಡೆಯಿಂದ ಹೊರಟು ನಡುವೆ ಬಂದು ನಿಂತೆವು. ಕೋಡೆಕ್ ಚಿಪ್ಪಿನಿಂದ ಸ್ಪೀಕರಿಗೆ ಹೋಗುವ ದಾರಿಯಲ್ಲಿ ಏನೋ ಆಗಿದೆ. ಇಷ್ಟು ಯೋಚನೆಯನ್ನು ಮೊದಲ ದಿನವೇ ಮಾಡಿದ್ದರೆ ಒಂದು ವಾರ ಉಳಿಯುತ್ತಿತ್ತು.

ಆಮೇಲೆ ಒಂದು ಸುಳಿವು ಸಿಕ್ಕಿತು. ಟರ್ಮಿನಲ್ಲಿನಲ್ಲಿ ಆಲ್ಸಾಮಿಕ್ಸರ್ ತೆರೆದಾಗ ಹೆಡ್‌ಫೋನ್ ಅನ್ನುವ ಸ್ಲೈಡರ್ ಇತ್ತು, ಸ್ಪೀಕರ್ ಅನ್ನುವ ಸ್ಲೈಡರೇ ಇರಲಿಲ್ಲ. ಬರೀ ಮ್ಯೂಟ್ ಆಗಿದ್ದರೂ ಸ್ಲೈಡರ್ ಇರಬೇಕಿತ್ತು. ಸ್ಲೈಡರೇ ಇಲ್ಲ ಅಂದರೆ? ಈ ಮಿಷಿನ್ನಿಗೆ ಸ್ಪೀಕರ್ ಇದೆ ಅಂತಲೇ ಡ್ರೈವರಿಗೆ ಗೊತ್ತಿಲ್ಲ! ಕರ್ನಲ್ ಲಾಗ್ ತೆಗೆದು ನೋಡಿದೆವು. ಸ್ಪೀಕರ್ ಎಷ್ಟು ಅನ್ನುವ ಜಾಗದಲ್ಲಿ 0 ಅಂತ ಬರೆದಿತ್ತು.

ಯಾಕೆ ಗೊತ್ತಿಲ್ಲ? ಇಲ್ಲಿ ಸ್ವಲ್ಪ ಹಿನ್ನೆಲೆ ಬೇಕು. ಲಿನಕ್ಸಿನ ಸೌಂಡ್ ವ್ಯವಸ್ಥೆಗೆ ಆಲ್ಸಾ ಅಂತ ಹೆಸರು. 1998ರಲ್ಲಿ ಯಾರೋಸ್ಲಾವ್ ಕಿಸೆಲಾ ಶುರು ಮಾಡಿದ್ದು. ಗ್ರಾವಿಸ್ ಅಲ್ಟ್ರಾಸೌಂಡ್ ಅನ್ನುವ ಒಂದೇ ಒಂದು ಕಾರ್ಡಿನ ಡ್ರೈವರ್ ಕೆಲಸದಿಂದ ಅದು ಬೆಳೆಯಿತು. 2003ರ ಕೊನೆಗೆ ಬಂದ 2.6 ಕರ್ನಲ್ಲಿನಲ್ಲಿ ಹಳೆಯ ಓಎಸ್‌ಎಸ್ ಡ್ರೈವರುಗಳ ಜಾಗವನ್ನು ಅದು ಹಿಡಿದುಕೊಂಡಿತು. 2004ರಲ್ಲಿ ಇಂಟೆಲ್ ಹೈ ಡೆಫಿನಿಷನ್ ಆಡಿಯೋ ಅನ್ನುವ ಸ್ಪೆಸಿಫಿಕೇಷನ್ ತಂತು. ಈಗಿನ ಬಹಳಷ್ಟು ಲ್ಯಾಪ್‌ಟಾಪುಗಳ ಸೌಂಡ್ ನಡೆಯೋದು ಅದರಂತೆ.

ಅದರ ಪ್ರಕಾರ ಕೋಡೆಕ್ ಚಿಪ್ಪಿನ ಒಳಗಿರೋದು ಒಂದು ಗ್ರಾಫ್. ಡೇಟಾ ಸ್ಟ್ರಕ್ಚರ್ಸ್ ಲ್ಯಾಬಿನಲ್ಲಿ ಬಾಯಿಪಾಠ ಹೊಡೆದ ಅದೇ ಗ್ರಾಫ್. ಕೆಲವು ನೋಡುಗಳು ಡಿಜಿಟಲ್ಲನ್ನು ಅನಲಾಗ್ ಮಾಡುತ್ತವೆ, ಕೆಲವು ಮಿಕ್ಸರ್, ಕೊನೆಯಲ್ಲಿ ಹೊರಗೆ ಹೋಗುವ ಪಿನ್‌ಗಳು. ಪಿನ್ನಿನಿಂದ ಹಿಂದಕ್ಕೆ ದಾರಿ ಹುಡುಕುತ್ತಾ ಹೋಗೋದು ಡ್ರೈವರಿನ ಕೆಲಸ. ಆದರೆ ಯಾವ ಪಿನ್ನಿಗೆ ಏನು ಸಿಕ್ಕಿಸಿದ್ದಾರೆ ಅಂತ ಚಿಪ್ಪಿಗೆ ಗೊತ್ತಿರಲ್ಲ. ಅದು ಲ್ಯಾಪ್‌ಟಾಪ್ ತಯಾರಿಸಿದವರಿಗೆ ಮಾತ್ರ ಗೊತ್ತು. ಅದಕ್ಕೇ ಬಯಾಸ್ ಬೂಟ್ ಆಗುವಾಗ ಒಂದೊಂದು ಪಿನ್ನಿಗೂ 32 ಬಿಟ್ಟಿನ ಒಂದು ಸಂಖ್ಯೆ ಬರೆದಿಡಬೇಕು. ಇದು ಹೆಡ್‌ಫೋನ್, ಇದು ಮೈಕ್, ಇಲ್ಲಿ ಏನೂ ಇಲ್ಲ, ಹೀಗೆ.

ನಮ್ಮ ಲ್ಯಾಪ್‌ಟಾಪಿನ ಬಯಾಸ್ 14ನೇ ನೋಡಿನ ಮೇಲೆ ಬರೆದ ಸಂಖ್ಯೆ 4ರಿಂದ ಶುರುವಾಗ್ತಿತ್ತು. ಹೆಕ್ಸಾಡೆಸಿಮಲ್ 4 ಅಂದರೆ 0100. ಮೊದಲ ಎರಡು ಬಿಟ್ 01. ಸ್ಪೆಸಿಫಿಕೇಷನ್ ತೆಗೆದು ನೋಡಿದರೆ 01ರ ಅರ್ಥ "ಇಲ್ಲಿಗೆ ಏನೂ ಕನೆಕ್ಟ್ ಆಗಿಲ್ಲ". ಸ್ಪೀಕರ್ ಅಲ್ಲೇ ಇತ್ತು! ಬಯಾಸ್ ಸುಳ್ಳು ಹೇಳಿತ್ತು, ಡ್ರೈವರ್ ಪಾಪ ನಂಬಿತ್ತು.

ಅಲ್ಲಿ ಇರಬೇಕಾದ ಸಂಖ್ಯೆ 90170110. ಫೋನ್ ನಂಬರ್ ಥರ ಕಾಣುತ್ತೆ, ಆದರೆ ಒಂದೊಂದು ಅಂಕಿಗೂ ಅರ್ಥ ಇದೆ. 9 ಅಂದರೆ 1001, ಮೊದಲ ಎರಡು ಬಿಟ್ 10, ಅಂದರೆ "ಒಳಗೇ ಜೋಡಿಸಿರೋ ವಸ್ತು". ಮೂರನೇ ಅಂಕಿ 1 ಅಂದರೆ ಸ್ಪೀಕರ್. ಅಲ್ಲಿ 2 ಇದ್ದಿದ್ದರೆ ಹೆಡ್‌ಫೋನ್ ಆಗ್ತಿತ್ತು. ಡಿಜಿಟಲ್ ಎಲೆಕ್ಟ್ರಾನಿಕ್ಸ್ ಕ್ಲಾಸಿನಲ್ಲಿ ನಂಬರ್ ಸಿಸ್ಟಮ್ ಕನ್ವರ್ಷನ್ ಮಾಡುವಾಗ "ಇದು ಯಾವ ಕಾಲಕ್ಕೆ ಬೇಕು" ಅಂತ ಗೊಣಗಿದ್ದೆವು. ಈ ಕಾಲಕ್ಕೆ ಬೇಕಾಯ್ತು.

ಪಿನ್ನುಗಳ ಸಂಖ್ಯೆ ಬದಲಿಸಿ ನೋಡಲು ಎಚ್‌ಡಿಎ ಜ್ಯಾಕ್ ರೀಟಾಸ್ಕ್ ಅಂತ ಒಂದು ಪುಟ್ಟ ಟೂಲ್ ಇದೆ. ಅದರಲ್ಲಿ ಸಂಖ್ಯೆ ಹಾಕಿ ರೀಬೂಟ್ ಮಾಡಿದೆವು. ಹಾಸ್ಟೆಲ್ ರೂಮು, ರಾತ್ರಿ ಒಂದೂವರೆ. ಲಾಗಿನ್ ಸ್ಕ್ರೀನ್ ಬಂತು. ಆರ್ಕಾ ತನ್ನ ರೋಬೋ ದನಿಯಲ್ಲಿ ಜೋರಾಗಿ ಓದಿತು. ಪಕ್ಕದ ರೂಮಿನವರು ಗೋಡೆ ಬಡಿದರು. ಗೆಳೆಯ ಏನೂ ಮಾತಾಡಲಿಲ್ಲ, ಹೆಡ್‌ಫೋನ್ ಸುತ್ತಿ ಬ್ಯಾಗಿಗೆ ಹಾಕಿಕೊಂಡ.

ನಿದ್ದೆ ಮಾಡಬಾರದ ಜಾಗ

ನಮ್ಮ ಒಂದು ಮಿಷಿನ್ ಸರಿಯಾಯ್ತು. ಅದೇ ಮಾಡೆಲ್ ಇಟ್ಟುಕೊಂಡ ಬೇರೆಯವರಿಗೆ? ಅದಕ್ಕೆ ಕರ್ನಲ್ಲಿನ ಒಳಗೇ ತಿದ್ದುಪಡಿ ಹೋಗಬೇಕು. ಆ ಕೋಡೆಕ್ಕಿನ ಡ್ರೈವರ್ ಫೈಲ್ ತೆಗೆದರೆ ಸಾವಿರಾರು ಗೆರೆ. ಅದರಲ್ಲಿ ದೊಡ್ಡ ಭಾಗ ಒಂದು ಪಟ್ಟಿ. ಈ ಕಂಪನಿಯ ಈ ಮಾಡೆಲ್ ಬಂದರೆ ಹೀಗೆ ಮಾಡು, ಆ ಮಾಡೆಲ್ ಬಂದರೆ ಹಾಗೆ ಮಾಡು. ಸಾವಿರಕ್ಕೂ ಹೆಚ್ಚು ಮಾಡೆಲ್ಲುಗಳು. ಒಂದೊಂದು ಗೆರೆಯ ಹಿಂದೆಯೂ ಯಾರೋ ಒಬ್ಬರು ಮೌನಿ ಲ್ಯಾಪ್‌ಟಾಪ್ ಇಟ್ಟುಕೊಂಡು ತಲೆ ಕೆಡಿಸಿಕೊಂಡಿದ್ದಾರೆ. ನಮ್ಮದು ಅದಕ್ಕೆ ಸೇರುವ ಇನ್ನೊಂದು ಗೆರೆ, ಅದರ ಜೊತೆ ಪಿನ್ ಸಂಖ್ಯೆ ಹೇಳುವ ಎಂಟು ಗೆರೆ. ಒಟ್ಟು ಒಂಬತ್ತು.

ಬರೆಯುವ ಮುಂಚೆ ಡ್ರೈವರ್ ಅಂದರೆ ಏನು ಅಂತ ಕೈಯಾರೆ ಮಾಡಿ ನೋಡಬೇಕು ಅನ್ನಿಸಿತು. ಕರ್ನಲ್ಲಿನಲ್ಲೇ ಎಸ್‌ಎನ್‌ಡಿ ಡಮ್ಮಿ ಅಂತ ಒಂದು ಡ್ರೈವರ್ ಇದೆ. ನಿಜವಾದ ಹಾರ್ಡ್‌ವೇರ್ ಬೇಡ, ಟೈಮರ್ ಇಟ್ಟುಕೊಂಡು ಊಟ ಮಾಡಿದ ಹಾಗೆ ನಟಿಸುತ್ತೆ. ವರ್ಚುವಲ್ ಮಿಷಿನ್ ಒಳಗೆ ಅದನ್ನು ಕಂಪೈಲ್ ಮಾಡಿ ಆಟ ಆಡಿದೆವು. ಸೌಂಡ್ ಶುರು ಮಾಡುವ ಟ್ರಿಗರ್ ಫಂಕ್ಷನ್ನಿನಲ್ಲಿ "ಸ್ವಲ್ಪ ಕಾಯಲಿ" ಅಂತ ಒಂದು ಸ್ಲೀಪ್ ಹಾಕಿದೆವು. ಕರ್ನಲ್ ಉಗಿದು ಉಪ್ಪಿನಕಾಯಿ ಹಾಕಿತು. ಲಾಗಿನ ತುಂಬ "ಶೆಡ್ಯೂಲಿಂಗ್ ವೈಲ್ ಅಟಾಮಿಕ್".

ಆ ಫಂಕ್ಷನ್ ಓಡುವಾಗ ಕರ್ನಲ್ ಒಂದು ಸ್ಪಿನ್‌ಲಾಕ್ ಹಿಡಿದುಕೊಂಡಿರುತ್ತೆ. ಲಾಕ್ ಹಿಡಿದುಕೊಂಡು ಮಲಗಿದರೆ ಅದಕ್ಕೆ ಕಾಯ್ತಿರೋರ ಗತಿ? ಬಚ್ಚಲುಮನೆ ಚಿಲಕ ಹಾಕ್ಕೊಂಡು ಒಳಗೇ ನಿದ್ದೆ ಹೋದ ರೂಮ್‌ಮೇಟ್ ಇದ್ದ ಹಾಗೆ. ಈ ನಿಯಮವನ್ನು ನಾವು ಇಂಟರ್ನಲ್ಸಿನಲ್ಲಿ ಬರೆದಿದ್ದೆವು, ಮಾರ್ಕ್ಸೂ ಬಂದಿತ್ತು. ಅದನ್ನು ಮುರಿದ ಮೇಲೇ ಅದು ಯಾಕೆ ನಿಯಮ ಅಂತ ಗೊತ್ತಾಗಿದ್ದು.

ಇನ್ನೊಂದು ಪಾಠ ಪ್ರಿಂಟ್ ಕಲಿಸಿತು. ನಮಗೆ ಗೊತ್ತಿರೋ ಒಂದೇ ಡಿಬಗ್ಗಿಂಗ್ ಅಂದರೆ ಅಲ್ಲಲ್ಲಿ "ಇಲ್ಲಿಗೆ ಬಂತು" ಅಂತ ಪ್ರಿಂಟ್ ಹಾಕೋದು. ನಿಜವಾದ ಡ್ರೈವರಿನ ಇಂಟರಪ್ಟ್ ದಾರಿಯಲ್ಲಿ ಹಾಗೇ ಪ್ರಿಂಟ್‌ಕೆ ಹಾಕಿದೆವು. ಅಲ್ಲಿಯವರೆಗೆ ಚೆನ್ನಾಗಿದ್ದ ಹಾಡು ಚರಪರ ಅನ್ನಲು ಶುರುವಾಯ್ತು. ಎಲ್ಲೋ ದೊಡ್ಡ ಬಗ್ ಸಿಕ್ಕಿತು ಅಂತ ಒಂದು ಇಡೀ ದಿನ ಖುಷಿಯಾಗಿ ಹುಡುಕಿದೆವು. ಪ್ರಿಂಟ್ ತೆಗೆದರೆ ಬಗ್ ಮಾಯ! ನಮ್ಮ ಪ್ರಿಂಟೇ ಸಮಯ ತಿಂದು ಬಡಿಸುವವರನ್ನು ತಡ ಮಾಡ್ತಿತ್ತು. ಅಳೆಯಲು ಹೋದವರೇ ಅಳತೆ ಕೆಡಿಸಿದ್ದೆವು. ಇಂಥ ಜಾಗಕ್ಕೆ ಎಫ್‌ಟ್ರೇಸ್ ಥರದ ಹಗುರವಾದ ಟ್ರೇಸಿಂಗ್ ಬಳಸಬೇಕು ಅಂತ ಆಮೇಲೆ ಕಲಿತೆವು.

ಇದೆಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇವೆ. ಯಾವ ದಿನ ಏನು ಅಂದುಕೊಂಡೆವು, ಏನು ಮಾಡಿ ನೋಡಿದೆವು, ಏನಾಯ್ತು. 43 ಪುಟ ಆಗಿದೆ. ಅಪ್ರೂವಲ್ ದಿನ ಆ ನೋಟ್‌ಬುಕ್ ನಮ್ಮ ಕೈಯಲ್ಲೇ ಇತ್ತು. ಯಾರೂ ತೆರೆಯಲಿಲ್ಲ.

ಹಾಗಾದರೆ ಪ್ರಾಜೆಕ್ಟ್ ಅಂದರೆ ಏನು?

ಈಗ ನಮ್ಮ ವಾದಕ್ಕೆ ಬರ್ತೀವಿ. ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳಬೇಕು. ಶೀಟ್ ಮಾಡಿದ್ದು ಡಿಪಾರ್ಟ್‌ಮೆಂಟ್ ಇರಬಹುದು, ಅದಕ್ಕೆ ತಕ್ಕ ಹಾಗೆ ಕುಣಿದವರು ನಾವೇ. ಸೀನಿಯರ್ ರಿಪೋರ್ಟಿನ ಹೆಸರು ಮತ್ತು ಯುಎಸ್‌ಎನ್ ಬದಲಿಸಿ ಸ್ಪೈರಲ್ ಬೈಂಡಿಂಗ್ ಹಾಕಿಸಿದ್ದನ್ನು ನಾವು ನೋಡಿದ್ದೇವೆ. ಹೋದ ಸೆಮ್ಮಿನಲ್ಲಿ ನಮ್ಮದೇ ಒಂದು ವೆಬ್‌ಸೈಟ್ ಪ್ರಾಜೆಕ್ಟಿನ ಅರ್ಧ ಕೋಡನ್ನು ಚಾಟ್‌ಬಾಟ್ ಬರೆದಿತ್ತು. ಎರಡು ಸಾವಿರ ಗೆರೆ. ವೈವಾದಲ್ಲಿ ಯಾರೂ ಒಂದು ಗೆರೆಯ ಬಗ್ಗೆಯೂ ಕೇಳಲಿಲ್ಲ. ಕೇಳಿದ್ದರೆ ನಮಗೆ ಉತ್ತರ ಬರ್ತಿರಲಿಲ್ಲ. ಅದಕ್ಕೆ ಸಿಕ್ಕ ಮಾರ್ಕ್ಸ್ ಚೆನ್ನಾಗಿಯೇ ಇತ್ತು. ಈ ಒಂಬತ್ತು ಗೆರೆಯಲ್ಲಿ ಯಾವ ಅಂಕಿಯ ಮೇಲೆ ಬೆರಳಿಟ್ಟು ಕೇಳಿದರೂ ನಾವು ಹತ್ತು ನಿಮಿಷ ಮಾತಾಡ್ತೀವಿ. ಇದಕ್ಕೆ ಸಿಕ್ಕಿದ್ದು "ಆ್ಯಪ್ ಮಾಡ್ಕೊಂಡು ಬನ್ನಿ".

ಇದನ್ನು ಹೇಳಿದಾಗ ಫ್ರೆಂಡ್ಸ್ ಮತ್ತು ಲೆಕ್ಚರರ್ಸ್ ಮೂರು ಪ್ರಶ್ನೆ ಕೇಳಿದರು. ಮೂರೂ ನ್ಯಾಯವಾದ ಪ್ರಶ್ನೆಗಳೇ.

ಒಂದು, ರಿಪೇರಿಗೂ ಮಾರ್ಕ್ಸ್ ಅಂದರೆ ಎಲ್ಲರೂ ಒಂದು ಸೆಟ್ಟಿಂಗ್ ಬದಲಿಸಿ ಪ್ರಾಜೆಕ್ಟ್ ಅಂತ ಬರಲ್ವಾ? ಬರಬಹುದು. ಆದರೆ "ಯಾಕೆ ಬದಲಿಸಿದೆ, ಬೇರೆ ಯಾವುದು ಕಾರಣ ಅಲ್ಲ ಅಂತ ಹೇಗೆ ಗೊತ್ತಾಯ್ತು" ಅಂತ ಎರಡು ಪ್ರಶ್ನೆ ಕೇಳಿದರೆ ಐದು ನಿಮಿಷದಲ್ಲಿ ಬಣ್ಣ ಬಯಲಾಗುತ್ತೆ. ಕಾಪಿ ಹೊಡೆದ ಆ್ಯಪನ್ನು ಹಿಡಿಯೋದು ಅದಕ್ಕಿಂತ ಕಷ್ಟ.

ಎರಡು, ಸೆಮಿಸ್ಟರ್ ಮುಗಿದರೂ ಬಗ್ ಸಿಗದಿದ್ದರೆ? ಇದು ನಿಜವಾದ ತೊಂದರೆ. ನಮಗೂ ಸಿಗದೇ ಹೋಗಬಹುದಿತ್ತು. ಅದಕ್ಕೇ ಮಾರ್ಕ್ಸನ್ನು ನಾಲ್ಕು ಭಾಗ ಮಾಡಿ ಅಂತ ಕೇಳ್ತೀವಿ. ತೊಂದರೆಯನ್ನು ಮತ್ತೆ ಮತ್ತೆ ಮಾಡಿ ತೋರಿಸೋದು ಒಂದು. ಯಾವುದು ಕಾರಣ ಅಲ್ಲ ಅಂತ ಪುರಾವೆ ಸಮೇತ ತೋರಿಸೋದು ಎರಡು. ಯಾವುದು ಕಾರಣ ಅಂತ ಹೇಳೋದು ಮೂರು. ಸರಿಪಡಿಸೋದು ನಾಲ್ಕು. ನಾಲ್ಕನೆಯದು ಆಗದಿದ್ದರೂ ಮೊದಲ ಮೂರಕ್ಕೆ ಮಾರ್ಕ್ಸ್ ಬರಲಿ. ಈಗ ಬಾಲ್‌ಪೆನ್ನಿನಲ್ಲಿ ಕಾಪಿ ಮಾಡಿ ಸೈನ್ ಹಾಕಿಸಿಕೊಳ್ತೀವಲ್ಲ ಲ್ಯಾಬ್ ರೆಕಾರ್ಡ್, ಅದರ ಬದಲು ಇಂಥ ನೋಟ್‌ಬುಕ್ ಇರಲಿ. ಬೇರೆ ಒಂದು ಟೀಮ್ ಅದನ್ನು ಓದಿ ಅದೇ ಫಲಿತಾಂಶ ತರಲು ಆಗುತ್ತಾ ಅಂತ ನೋಡಲಿ.

ಮೂರು, ಇದರಿಂದ ಪ್ಲೇಸ್‌ಮೆಂಟ್ ಆಗುತ್ತಾ? ಬೆಂಗಳೂರಿನಲ್ಲಿ ಚಿಪ್ ಕಂಪನಿಗಳ ಆಫೀಸುಗಳಿವೆ, ಅಲ್ಲಿ ಡ್ರೈವರ್ ಬರೆಯೋದನ್ನೇ ಉದ್ಯೋಗ ಮಾಡಿಕೊಂಡವರಿದ್ದಾರೆ. ಆದರೂ "ಇದು ಮಾಡಿದರೆ ಕೆಲಸ ಗ್ಯಾರಂಟಿ" ಅಂತ ನಾವು ಹೇಳಲ್ಲ. ಎಲ್ಲರೂ ಕರ್ನಲ್ಲಿಗೇ ಬನ್ನಿ ಅಂತಲೂ ಹೇಳ್ತಿಲ್ಲ. ಮೆಕ್ಯಾನಿಕಲ್‌ನವರು ವರ್ಕ್‌ಶಾಪಿನ ಕೆಟ್ಟ ಲೇತ್ ತಗೊಳ್ಳಲಿ. ಸಿವಿಲ್‌ನವರು ಹಾಸ್ಟೆಲಿನ ಸೋರುವ ಚಾವಣಿ ತಗೊಳ್ಳಲಿ, ಪ್ರತಿ ಜೂನ್‌ನಲ್ಲಿ ಬಕೆಟ್ ಇಡೋ ನಮಗೂ ಉಪಕಾರ ಆಗುತ್ತೆ. ಹೊರಗೆ ಹೋದ ಮೇಲೆ ನಮ್ಮಲ್ಲಿ ಬಹಳಷ್ಟು ಜನ ಮಾಡುವ ಕೆಲಸ ಬೇರೆಯವರು ಕಟ್ಟಿದ್ದನ್ನು ಓದೋದು, ಅದರಲ್ಲಿ ತಪ್ಪು ಹುಡುಕೋದು, ಉಳಿದದ್ದು ಕೆಡದ ಹಾಗೆ ತಿದ್ದೋದು. ನಾಲ್ಕು ವರ್ಷದಲ್ಲಿ ಒಂದು ಸಲವಾದರೂ ಅದನ್ನು ಕಾಲೇಜು ಕಲಿಸಬೇಡವಾ? ಮಿನಿ ಪ್ರಾಜೆಕ್ಟ್, ಮೇಜರ್ ಪ್ರಾಜೆಕ್ಟ್ ಅಂತ ಇಷ್ಟು ಅವಕಾಶ ಇರುವಾಗ ಯಾವುದಾದರೂ ಒಂದನ್ನು "ರಿಪೇರಿ" ಅಂತ ಆರಿಸಿಕೊಳ್ಳಲು ಬಿಡಿ. ಕಡ್ಡಾಯ ಬೇಡ, ಆಯ್ಕೆ ಕೊಡಿ. ನಾವು ಕೇಳ್ತಿರೋದು ಇಷ್ಟೇ.

ನೀವೂ ಶುರು ಮಾಡಬೇಕಂದ್ರೆ

ಮಾರ್ಕ್ಸ್ ಶೀಟ್ ಬದಲಾಗುವವರೆಗೆ ಕಾಯಬೇಕಾಗಿಲ್ಲ. ನಿಮ್ಮ ಲಿನಕ್ಸ್ ಮಿಷಿನ್ನಿನಲ್ಲಿ ಪ್ರಾಕ್ ಡೈರೆಕ್ಟರಿಯ ಒಳಗೆ ಎಸೌಂಡ್ ಅಂತ ಒಂದು ಫೋಲ್ಡರ್ ಇದೆ. ಹಾಡು ಹಾಕಿ, ಅದರೊಳಗೆ ಕಾರ್ಡ್, ಪಿಸಿಎಂ, ಸಬ್ ಅಂತ ಇಳಿಯುತ್ತಾ ಹೋಗಿ. ಕೊನೆಗೆ ಸ್ಟೇಟಸ್ ಅನ್ನುವ ಫೈಲ್ ಸಿಗುತ್ತೆ. ಅದನ್ನು ಮತ್ತೆ ಮತ್ತೆ ಓದಿ. ಹಾರ್ಡ್‌ವೇರ್ ಎಲ್ಲಿವರೆಗೆ ತಿಂದಿದೆ, ಅಪ್ಲಿಕೇಷನ್ ಎಲ್ಲಿವರೆಗೆ ಬಡಿಸಿದೆ ಅನ್ನುವ ಎರಡು ಸಂಖ್ಯೆಗಳು ಒಂದರ ಹಿಂದೆ ಒಂದು ಓಡ್ತಿರ್ತಾವೆ. ಆಮೇಲೆ ಡಮ್ಮಿ ಡ್ರೈವರ್ ಓದಿ. ಸುಮಾರು ಸಾವಿರ ಗೆರೆ ಅಷ್ಟೇ. ಪ್ರಯೋಗವನ್ನು ವರ್ಚುವಲ್ ಮಿಷಿನ್ ಒಳಗೇ ಮಾಡಿ. ಕ್ಯೂಇಎಂಯುನಲ್ಲಿ ಇಂಟೆಲ್ ಎಚ್‌ಡಿ ಆಡಿಯೋ ಹಾರ್ಡ್‌ವೇರನ್ನು ನಕಲಿ ಮಾಡಿ ಕೊಡುವ ಆಯ್ಕೆ ಇದೆ, ಕರ್ನಲ್ ಬಿದ್ದರೂ ನಿಮ್ಮ ಅಸೈನ್‌ಮೆಂಟ್ ಉಳಿಯುತ್ತೆ.

ನಮ್ಮ ಪ್ಯಾಚಿನ ಕಥೆ ಇನ್ನೂ ಮುಗಿದಿಲ್ಲ. ಕರ್ನಲ್ ಜೊತೆಗೇ ಬರುವ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಓಡಿಸಿದಾಗ ಒಂಬತ್ತು ಗೆರೆಯಲ್ಲಿ ನಾಲ್ಕು ತಪ್ಪು ತೋರಿಸಿತು. ಸ್ಪೇಸ್ ಇದ್ದ ಕಡೆ ಟ್ಯಾಬ್ ಬೇಕಂತೆ. ತಿದ್ದಿ, ಮೂವರ ಸೈನ್ಡ್ ಆಫ್ ಗೆರೆ ಸೇರಿಸಿ, ಹೋದ ವಾರ ಮೇಂಟೇನರುಗಳಿಗೆ ಮೇಲ್ ಕಳಿಸಿದ್ದೇವೆ. ತಗೊಳ್ತಾರೋ, ಇನ್ನೂ ತಿದ್ದಿ ಅಂತಾರೋ ನೋಡಬೇಕು. ಮಿನಿ ಪ್ರಾಜೆಕ್ಟಿಗೆ ಕೊನೆಗೆ ಲೈಬ್ರರಿ ಮ್ಯಾನೇಜ್‌ಮೆಂಟ್ ಆ್ಯಪ್ ಅಂತ ಟೈಟಲ್ ಕೊಟ್ಟೆವು. ಅಪ್ರೂವ್ ಆಗಿದೆ.

ಈ ಲೇಖನವನ್ನು ಮೊದಲು ಓದಿಸಿದ್ದು ಆ ಗೆಳೆಯನಿಂದಲೇ. ಅಂದರೆ ಅವನ ಲ್ಯಾಪ್‌ಟಾಪ್ ಓದಿತು, ಅವನೂ ನಾವೂ ಸುತ್ತ ಕೂತು ಕೇಳಿದೆವು. "ಪಂಕ್ತಿ ಊಟದ ಭಾಗ ಚೆನ್ನಾಗಿದೆ, ಮಾರ್ಕ್ಸ್ ಭಾಗ ಉದ್ದ ಆಯ್ತು" ಅಂದ. ಸ್ವಲ್ಪ ಕಡಿಮೆ ಮಾಡಿದ್ದೇವೆ.

ನಿಮ್ಮ ಹತ್ತಿರವೂ ಮೌನಿ ಲ್ಯಾಪ್‌ಟಾಪ್ ಇದ್ದರೆ ಶನಿವಾರ ಮಧ್ಯಾಹ್ನ ಕ್ಲಬ್ ರೂಮಿಗೆ ತನ್ನಿ. ಸರಿ ಮಾಡಿಕೊಡ್ತೀವಿ ಅಂತ ಮಾತು ಕೊಡಲ್ಲ, ನೀವೂ ನಮ್ಮ ಜೊತೆ ಕೂತು ಹುಡುಕಬೇಕು. ನೋಟ್‌ಬುಕ್ಕಿನಲ್ಲಿ ಇನ್ನೂ ಪುಟಗಳಿವೆ.